ಬಂಪರ್ ಮತ್ತು ಕೂದಲ ಹಗ್ಗ: ವಸ್ತು ಕಲೆಯಾಗುವುದು ಹೇಗೆ?



ಒಂದು ದಿನ ಇತಿಹಾಸದ ಮೇಡಂ ತರಗತಿಯಲ್ಲಿ ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಕಾರುಗಳ ಹೊಳೆಯುವ ಬಂಪರ್‌ಗಳು ಗೋಡೆಯ ಮೇಲೆ ತೂಗುತ್ತಿದ್ದವು. ಅವನ್ನು ಹಿಡಿದಿದ್ದದ್ದು ಕಪ್ಪು ಹಗ್ಗ. "ಇದು ಶಿಲ್ಪ" ಎಂದರು. ಕುಣಿಗಲ್‌ನಿಂದ ಬರುವ ಗೆಳೆಯ, "ಮೇಡಂ, ಇದು ಗುಜರಿ ಅಂಗಡಿ ಅಲ್ವಾ?" ಎಂದ. ಎಲ್ಲರೂ ನಕ್ಕರು. ನಾನು ಮಾತ್ರ ತಲೆ ತಗ್ಗಿಸಿದೆ. ಗುಬ್ಬಿಯಲ್ಲಿ ನಮ್ಮ ಅಬ್ಬಾ ನಡೆಸುವುದು ಗುಜರಿ ಅಂಗಡಿ. ಅದನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ಶಿಲ್ಪದ ಹೆಸರು 'ಬಿಹೋಲ್ಡ್', ಅಂದರೆ 'ನೋಡು'. ಮಾಡಿದವರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಅವರು ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ ಮತ್ತು ಲಂಡನ್‌ನಲ್ಲಿ ಕಲಿತವರು. ಮೊದಲು ವರ್ಣಚಿತ್ರ ಬರೆಯುತ್ತಿದ್ದರು. 1990ರ ದಶಕದಲ್ಲಿ ಸಗಣಿ, ಕುಂಕುಮ, ಸೂಜಿ, ದಾರಗಳನ್ನೇ ಕಲೆಯ ಸಾಮಗ್ರಿ ಮಾಡಿಕೊಂಡರು. 'ಬಿಹೋಲ್ಡ್' 2009ರ ವೆನಿಸ್ ಬಿನಾಲೆಯಲ್ಲಿ ಪ್ರದರ್ಶನಗೊಂಡಿತು. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಅದರಲ್ಲಿ ಇರುವುದು ಎರಡೇ ವಸ್ತು: ಸುಮಾರು 20 ಬಂಪರ್‌ಗಳು, ಸುಮಾರು 4 ಕಿಲೋಮೀಟರ್ ಉದ್ದದ ಕೂದಲ ಹಗ್ಗ. ದೇವಸ್ಥಾನಗಳಲ್ಲಿ ಭಕ್ತರು ಮುಡಿ ಕೊಟ್ಟಾಗ ಉದ್ದ ಕೂದಲು ವಿಗ್ ತಯಾರಿಕೆಗೆ ಹೋಗುತ್ತದೆ. ಗಿಡ್ಡ ಕೂದಲನ್ನು ಹಗ್ಗವಾಗಿ ಹೊಸೆಯುತ್ತಾರೆ. ದೃಷ್ಟಿ ತಾಗದಿರಲಿ, ಅಪಘಾತ ಆಗದಿರಲಿ ಎಂದು ಅದನ್ನು ವಾಹನಗಳಿಗೆ ಕಟ್ಟುತ್ತಾರೆ. ನಮ್ಮ ಹೆದ್ದಾರಿಯಲ್ಲಿ ನಿಂತರೆ ಇಂಥ ವಾಹನಗಳು ನಿಮಗೂ ಕಾಣುತ್ತವೆ.

ಇಂಥ ಕಲೆಯನ್ನು ಪರಿಕಲ್ಪನಾತ್ಮಕ ಕಲೆ ಎನ್ನುತ್ತಾರೆ. ಇಲ್ಲಿ ಕೈಚಳಕಕ್ಕಿಂತ ವಿಚಾರ ಮುಖ್ಯ. 1913ರಲ್ಲಿಯೇ ಮಾರ್ಸೆಲ್ ದ್ಯುಶಾಂ ಅಡುಗೆಮನೆಯ ಸ್ಟೂಲಿನ ಮೇಲೆ ಸೈಕಲ್ ಚಕ್ರ ನಿಲ್ಲಿಸಿ ಈ ದಾರಿಗೆ ನಾಂದಿ ಹಾಡಿದ್ದರು. ಇಂಥ ಕೃತಿಯನ್ನು ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ ಎಂದರು ಮೇಡಂ: ಈ ವಸ್ತು ಎಲ್ಲಿಂದ ಬಂತು? ಯಾರ ಕೈ ದಾಟಿ ಬಂತು? ಪಕ್ಕದ ವಸ್ತುವಿನ ಜೊತೆ ಇದಕ್ಕೇನು ಸಂಬಂಧ?

ಮೂರನೆಯ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಬಂಪರ್ ಇರುವುದು ಗಾಡಿಯನ್ನು ಕಾಯಲು. ಆ ಬಂಪರನ್ನು ಕಾಯಲು ಕೂದಲು! ಶಿಲ್ಪದಲ್ಲಂತೂ ಅಷ್ಟು ಭಾರದ ಲೋಹವನ್ನು ಆ ಕೂದಲೇ ಹೊತ್ತಿದೆ. ಮನುಷ್ಯನ ಭಯ, ಆಸೆ ಎರಡೂ ಆ ಗಂಟುಗಳಲ್ಲಿವೆ.

ಅವರ 'ಡಾರ್ಕ್‌ರೂಮ್' (2006) ಎಂಬ ಕೃತಿ ಡಾಂಬರು ಡ್ರಮ್ಮುಗಳ ಕೋಣೆ. ರಸ್ತೆ ಕೆಲಸದವರು ಇಂಥ ತಗಡಿನಲ್ಲೇ ಗುಡಿಸಲು ಹಾಕಿಕೊಳ್ಳುತ್ತಾರೆ. ಬಗ್ಗಿ ಒಳಗೆ ಹೋದರೆ ಚಾವಣಿಯ ಸಣ್ಣ ತೂತುಗಳಿಂದ ಬರುವ ಬೆಳಕು ನಕ್ಷತ್ರಗಳಂತೆ ಕಾಣುತ್ತದೆ.

ಆ ಸಂಜೆ ಅಬ್ಬಾಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಮೊಳೆಗೆ ನೇತುಹಾಕಿದ್ದ ನಾಲ್ಕೈದು ಕಪ್ಪು ಹಗ್ಗ ತೋರಿಸಿದರು. ಹಳೆಯ ಗಾಡಿಗಳಿಂದ ಬಿಚ್ಚಿದವು. "ನಮಗೆ ಇದರಲ್ಲಿ ನಂಬಿಕೆ ಇಲ್ಲ. ಆದರೆ ಡ್ರೈವರು ಮನೆಗೆ ವಾಪಸ್ ಬರಲಿ ಅಂತ ಯಾರೋ ಕಟ್ಟಿದ್ದು. ಕತ್ತರಿಸಿ ಎಸೆಯೋಕೆ ಮನಸ್ಸು ಬರಲ್ಲ" ಎಂದರು.

ಆ ಅಂಗಡಿಯಲ್ಲೇ ಬೆಳೆದ ನಾನು ಆ ಮೊಳೆಯ ಕಡೆ ಎಂದೂ ಸರಿಯಾಗಿ ನೋಡಿರಲಿಲ್ಲ. ಮರುದಿನ ತರಗತಿಯಲ್ಲಿ ಕೈ ಎತ್ತಿ ಹೇಳಿದೆ: "ಮೇಡಂ, ನಮ್ಮದು ಗುಜರಿ ಅಂಗಡಿ. ಕೂದಲ ಹಗ್ಗ ಬೇಕಿದ್ದರೆ ನಾಳೆ ತರುತ್ತೇನೆ."