ಕಾಣದ ಹೊಗೆಯನ್ನು ಅಳೆಯುವುದು: ಒಂದು ಅಭ್ಯಾಸ ಪಾಠದ ಅನುಭವ

ತರಗತಿ: 8, ವಿಜ್ಞಾನ
ಘಟಕ: ದಹನ ಮತ್ತು ಜ್ವಾಲೆ
ಉಪಘಟಕ: ಅಪೂರ್ಣ ದಹನ ಮತ್ತು ವಾಹನಗಳ ಹೊಗೆ ತಪಾಸಣೆ
ಸ್ಥಳ: ಹೂವಿನ ಹಿಪ್ಪರಗಿಯ ಒಂದು ಪ್ರೌಢಶಾಲೆ

ಉದ್ದೇಶಗಳು: ವಿದ್ಯಾರ್ಥಿಯು 1) ಅಪೂರ್ಣ ದಹನದಿಂದ ಕಾರ್ಬನ್ ಮೊನಾಕ್ಸೈಡ್ ಉಂಟಾಗುವುದನ್ನು ವಿವರಿಸುವನು, 2) ತಪಾಸಣಾ ಪತ್ರದ ಅಂಕಿಗಳನ್ನು ಮಿತಿಯೊಂದಿಗೆ ಹೋಲಿಸುವನು.

ಪಾಠೋಪಕರಣ: ಮೇಣದ ಬತ್ತಿ, ಬಿಳಿ ಚೀನಿ ಬಸಿ, ನಾನೇ ಬರೆದ ಮಾದರಿ ಪತ್ರ.

ಪಾಠದ ಬೆಳವಣಿಗೆ

ಉರಿಯ ಹಳದಿ ಭಾಗಕ್ಕೆ ಬಸಿ ಹಿಡಿದಾಗ ಮಸಿ ಕೂತಿತು. ಸಾಕಷ್ಟು ಆಮ್ಲಜನಕ ಸಿಗದಿದ್ದರೆ ಇಂಧನ ಪೂರ್ತಿ ಉರಿಯದೆಂದು ಮಕ್ಕಳೇ ಹೇಳಿದರು. ನಾನು "ಬೈಕಿನಲ್ಲೂ ಹೀಗೆಯೇ" ಎಂದೆ. ಕೂಡಲೇ ಒಬ್ಬ ಹುಡುಗ ಕೇಳಿದ: "ಸರ್, ನಮ್ಮ ಗಾಡ್ಯಾಗ ಹೊಗೀನ ಕಾಣಂಗಿಲ್ರಿ. ಮತ್ತ ಚೀಟಿ ಯಾಕ್ರಿ?"

ತಪ್ಪು ನನ್ನದು. ಮಸಿ ತೋರಿಸಿ, ಕಾಣುವುದಷ್ಟೇ ಮಾಲಿನ್ಯ ಎಂಬ ಭಾವನೆ ಮೂಡಿಸಿದ್ದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಸಾಗಣೆಯನ್ನು ತಡೆಯುತ್ತದೆ. ಆದ್ದರಿಂದಲೇ ಸೈಲೆನ್ಸರ್‌ಗೆ ನಳಿಕೆ ತೂರಿಸಿ ಯಂತ್ರದಿಂದ ಅಳೆಯುತ್ತಾರೆ. ಡೀಸೆಲ್ ವಾಹನದಲ್ಲಾದರೆ ಆಕ್ಸಿಲರೇಟರ್ ಒತ್ತಿ ಹೊಗೆಯ ದಟ್ಟಣೆ ನೋಡುತ್ತಾರೆ.

ನಂತರ ಮಾದರಿ ಪತ್ರ ಓದಿಸಿದೆ. ಪೆಟ್ರೋಲ್ ಬೈಕ್, ಕಾರ್ಬನ್ ಮೊನಾಕ್ಸೈಡ್ ಶೇ. 4.1. ಪಾಸೋ ಫೇಲೋ? 31-3-2000ರವರೆಗೆ ತಯಾರಾದ ದ್ವಿಚಕ್ರ ವಾಹನಕ್ಕೆ ಮಿತಿ ಶೇ. 4.5; ಆಮೇಲಿನದಕ್ಕೆ, ಬಿಎಸ್-4ಕ್ಕಿಂತ ಹಿಂದಿನದಾದರೆ, ಶೇ. 3.5. "ಗಾಡಿ ಯಾವಾಗಿಂದು ಅಂತ ಮೊದಲ ಹೇಳ್ರಿ" ಎಂದಳು ಒಬ್ಬ ಹುಡುಗಿ. ಎರಡನೆಯ ಉದ್ದೇಶ ಅಲ್ಲೇ ಈಡೇರಿತು.

ಎದುರಾದ ಸಮಸ್ಯೆ

"ನಮ್ಮ ಕಾಕಾ ಗಾಡಿ ಒಯ್ಯದನ ಚೀಟಿ ತಂದಾರ್ರಿ" ಎಂದ ಇನ್ನೊಬ್ಬ. ತರಗತಿ ನಕ್ಕಿತು, ನನಗೆ ಮಾತು ಹೊರಡಲಿಲ್ಲ. ಕಾಕಾನನ್ನು ದೂರಿದರೆ ಹುಡುಗ ಕುಗ್ಗುತ್ತಾನೆ, ಸುಮ್ಮನಿದ್ದರೆ ಪಾಠ ಸುಳ್ಳಾಗುತ್ತದೆ. "ಆ ಚೀಟಿಯ ಅಂಕಿ ಯಾವುದನ್ನು ಅಳೆದದ್ದು?" ಎಂದಷ್ಟೇ ಕೇಳಿದೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: "ತೊಗರಿ ತೂಗದನ ಚೀಲದ ಮ್ಯಾಲ ತೂಕ ಬರದಂಗಾತ್ರಿ."

ಅವಲೋಕನ

"ಮನೆಯ ಪತ್ರ ತನ್ನಿ" ಎಂಬ ಮನೆಗೆಲಸವನ್ನು ವೀಕ್ಷಕರು ಬದಲಿಸಿದರು. ಪತ್ರವಿಲ್ಲದ ಮನೆಯನ್ನು ತರಗತಿಯ ಮುಂದೆ ತೋರಿಸಿಕೊಡುವ ಹಕ್ಕು ನಮಗಿಲ್ಲ. 2019ರ ತಿದ್ದುಪಡಿಯ ಬಳಿಕ ದಂಡ 10,000 ರೂಪಾಯಿವರೆಗೂ ಆಗಬಹುದು. ಬದಲಿಗೆ ಹೊಸ ಮನೆಗೆಲಸ: ನೋಂದಣಿಯಾಗಿ ವರ್ಷ ಕಳೆದ ಮೇಲೆ ಪತ್ರ ಬೇಕು, ಅವಧಿ ಹಳೆಯ ವಾಹನಕ್ಕೆ 6 ತಿಂಗಳು, ಬಿಎಸ್-4 ಮತ್ತು ಬಿಎಸ್-6ಕ್ಕೆ 1 ವರ್ಷ. ಇದನ್ನು ಮನೆಯವರಿಗೆ ತಿಳಿಸಿ, ದಿನಾಂಕವನ್ನು ಮನೆಯಲ್ಲೇ ನೋಡುವುದು.

ಮುಂದಿನ ಸಲ ಬಸಿಯ ಪ್ರಯೋಗದ ಬೆನ್ನಿಗೇ ಕೇಳುವೆ: "ಮಸಿ ಕೂರದಿದ್ದರೆ ಗಾಳಿ ಶುದ್ಧವೇ?"