ಬೀಡಿ ಬಿಟ್ಟ ಮೇಲೆ ಹೊಟ್ಟೆ ಬಂತು

ಪ್ರಶ್ನೆ: ನನಗೆ 44 ವರ್ಷ, ಬಿ.ಸಿ. ರೋಡಿನಲ್ಲಿ ರಿಕ್ಷಾ ಓಡಿಸುತ್ತೇನೆ. ಮೊದಲೆಲ್ಲ ಬೆಳಿಗ್ಗೆ ಒಂದು ಚಾ, ಎರಡು ಬೀಡಿ ಆದರೆ ಮಧ್ಯಾಹ್ನದವರೆಗೆ ಹಸಿವೇ ಇರುತ್ತಿರಲಿಲ್ಲ. ಬೀಡಿ ಬಿಟ್ಟ ಆರು ತಿಂಗಳಲ್ಲಿ ಐದು ಕಿಲೋ ಏರಿದ್ದೇನೆ. ‘ದಿನಕ್ಕೆ ಒಂದೆರಡು ಎಳಿ, ಇಳಿಯುತ್ತದೆ’ ಎನ್ನುತ್ತಾರೆ ರಿಕ್ಷಾ ಪಾರ್ಕಿನ ಗೆಳೆಯರು.
– ಓದುಗರು, ಬಂಟ್ವಾಳ

ಉತ್ತರ: ಗೆಳೆಯರ ಮಾತಿನಲ್ಲಿ ಅರ್ಧ ಸತ್ಯ ಇರುವುದೇ ತೊಂದರೆ. ನಿಕೋಟಿನ್ ಹಸಿವನ್ನು ಅಡಗಿಸುವುದು ಮುಖ್ಯವಾಗಿ ಮಿದುಳಿನಲ್ಲಿ. ಹೊಗೆ ಎಳೆದ ಕೆಲವೇ ಸೆಕೆಂಡುಗಳಲ್ಲಿ ಅದು ಅಲ್ಲಿಗೆ ತಲುಪುತ್ತದೆ. ಹೈಪೊಥಲಾಮಸ್ ಎಂಬ ಪುಟ್ಟ ಭಾಗದಲ್ಲಿ ‘ಉಂಡದ್ದು ಸಾಕು’ ಎಂದು ಸಾರುವ ನರಕೋಶಗಳಿವೆ. ಊಟವಾದ ಮೇಲೆ ಏಳಬೇಕಾದ ಅವನ್ನು ನಿಕೋಟಿನ್ ಖಾಲಿ ಹೊಟ್ಟೆಯಲ್ಲೇ ಎಬ್ಬಿಸಿಬಿಡುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಇಲಿಗಳಲ್ಲಿ ಈ ದಾರಿಯನ್ನು ತೋರಿಸಿದರು. ಆ ಕೋಶಗಳ ಸಂಕೇತ ಮುಂದೆ ತಲುಪದಂತೆ ಮಾಡಿದಾಗ, ನಿಕೋಟಿನ್ ಕೊಟ್ಟರೂ ಇಲಿಗಳು ತಿನ್ನುವುದನ್ನು ಕಡಿಮೆ ಮಾಡಲಿಲ್ಲ. ಜೊತೆಗೆ ನಿಕೋಟಿನ್ ಎದೆಬಡಿತ ಏರಿಸಿ, ಕುಳಿತಲ್ಲೇ ದೇಹ ಹೆಚ್ಚು ಕ್ಯಾಲರಿ ಸುಡುವಂತೆಯೂ ಮಾಡುತ್ತದೆ.

ಬಿಟ್ಟಾಗ ಇವೆರಡೂ ನಿಲ್ಲುತ್ತವೆ, ಮೇಲಿಂದ ನಾಲಿಗೆ ಮೂಗುಗಳಿಗೆ ರುಚಿ, ವಾಸನೆ ಮರಳುತ್ತದೆ. ಮೊದಲ ವರ್ಷ ಸರಾಸರಿ ನಾಲ್ಕೈದು ಕಿಲೋ ಏರುವುದುಂಟು, ಅದರಲ್ಲಿ ಹೆಚ್ಚಿನದು ಮೊದಲ ಮೂರು ತಿಂಗಳಲ್ಲೇ. ಇಷ್ಟು ಏರಿದರೂ ಹೃದಯದ ಮಟ್ಟಿಗೆ ನೀವು ಸೇದುವವರಿಗಿಂತ ಕ್ಷೇಮ. ಸೇದುವವರು ತೆಳ್ಳಗೆ ಕಂಡರೂ ಅವರ ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ, ಸಕ್ಕರೆ ಕಾಯಿಲೆಯೂ ಅವರಲ್ಲಿ ಹೆಚ್ಚು.

ಬೆಳಗಿನ ತಿಂಡಿ ಬಿಡಬೇಡಿ. ಬಾಡಿಗೆ ಕಾಯುವಾಗ ಬೀಡಿಗೆ ಹೋಗುತ್ತಿದ್ದ ಕೈ ಈಗ ಗೋಳಿಬಜೆಗೆ ಹೋಗುತ್ತಿರಬೇಕು, ಸ್ವಲ್ಪ ಗಮನಿಸಿ. ಚಾದ ಸಕ್ಕರೆ ಇಳಿಸಿ, ದಿನಾ ಅರ್ಧ ಗಂಟೆ ನಡೆಯಿರಿ. ಸೇದಬೇಕೆಂಬ ಆಸೆ ತಡೆಯಲಾಗದಿದ್ದರೆ 1800-11-2356ಕ್ಕೆ ಉಚಿತವಾಗಿ ಕರೆ ಮಾಡಿ.

ಪ್ರಶ್ನೆ: ತೂಕ ಇಳಿಸಲು ನಿಕೋಟಿನ್ ಗಮ್ ಅಥವಾ ವೇಪ್ ಒಳ್ಳೆಯದೆಂದು ಹಾಸ್ಟೆಲ್ ಗೆಳತಿ ಹೇಳಿದಳು. ನೋಡಬಹುದೇ?
– ವಿದ್ಯಾರ್ಥಿನಿ, ಮೂಡುಬಿದಿರೆ

ಉತ್ತರ: ಬೇಡ. ಗಮ್ ಇರುವುದು ಚಟ ಹತ್ತಿದವರಿಗೆ ಬಿಡಿಸಲು, ಇಲ್ಲದವರಿಗೆ ಹತ್ತಿಸಲು ಅಲ್ಲ. ನಿಲ್ಲಿಸಿದ ಮೇಲೆ ಹಸಿವು ಮರಳುತ್ತದೆ, ತೂಕವೂ. ವೇಪ್ ಮಾರುವುದಂತೂ 2019ರ ಕಾಯ್ದೆಯ ಪ್ರಕಾರ ಅಪರಾಧ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದೇನೆ. ಸೇದುವುದಿಲ್ಲ, ಎಲೆಯಡಿಕೆಗೂ ಹೊಗೆಸೊಪ್ಪು ಹಾಕುವುದಿಲ್ಲ. ಮೂರು ತಿಂಗಳಿಂದ ಊಟ ಸೇರುವುದಿಲ್ಲ, ರವಿಕೆಗಳೆಲ್ಲ ಸಡಿಲವಾಗಿವೆ. ಕೈಯಿಂದ ತಂಬಾಕು ಮೈಗೆ ಸೇರುತ್ತದೆಯೇ?
– ಓದುಗರು, ಬೆಳ್ತಂಗಡಿ

ಉತ್ತರ: ಸೇರುತ್ತದೆ. ಚರ್ಮದಿಂದಲೂ, ಉಸಿರಿನ ಜೊತೆ ಹೋಗುವ ಧೂಳಿನಿಂದಲೂ. ಬೀಡಿ ಕಟ್ಟುವವರ ಮೂತ್ರದಲ್ಲಿ ನಿಕೋಟಿನಿನ ಗುರುತಾದ ಕೊಟಿನಿನ್ ಕಂಡುಬಂದಿದೆ. ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು ಇದರಿಂದಲೂ ಆಗಬಹುದು. ಉಣ್ಣುವ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ತಡ್ಪೆಯನ್ನು ಮಕ್ಕಳು ಮಲಗುವ ಕೋಣೆಯಲ್ಲಿ ಇಡಬೇಡಿ.

ಆದರೆ ಅಕ್ಕ, ಲೆಕ್ಕ ನೋಡಿ. ತಂಬಾಕು ನಿಮ್ಮ ಕೈಯಲ್ಲಿರುವುದು ಇಪ್ಪತ್ತು ವರ್ಷದಿಂದ, ಮೈ ಇಳಿದದ್ದು ಮೂರು ತಿಂಗಳಿಂದ. ಹಾಗಾಗಿ ಎಲ್ಲವನ್ನೂ ಬೀಡಿಯ ತಲೆಗೆ ಕಟ್ಟಿ ಸುಮ್ಮನಿರಲು ನಾನು ಒಪ್ಪುವುದಿಲ್ಲ. ಕ್ಷಯ, ಸಕ್ಕರೆ ಕಾಯಿಲೆ, ಥೈರಾಯ್ಡ್, ಅಪರೂಪಕ್ಕೆ ಕ್ಯಾನ್ಸರ್ ಕೂಡ ಹೀಗೆಯೇ ಶುರುವಾಗಬಹುದು. ಸಂಜೆ ಜ್ವರ, ಎರಡು ವಾರ ದಾಟಿದ ಕೆಮ್ಮು ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಕಫ ಪರೀಕ್ಷೆ ಅಲ್ಲಿ ಉಚಿತ. ಬ್ರಾಂಚಿಗೆ ಬೀಡಿ ಕೊಡುವ ದಿನ ತಪ್ಪೀತೆಂದು ಮುಂದೂಡಬೇಡಿ.