ಮೇಳದಲ್ಲಿ ಮುಂದಾಳುಗಳು ಬೆಳೆಯುವ ಬಗೆ

ಸಂಘವೊಂದರಲ್ಲಿ ಒಳ್ಳೆಯ ಮುಂದಾಳು ಇದ್ದರೆ ಸಾಕೆ? ಅವನ ಬಳಿಯಲ್ಲೇ ಇನ್ನೊಬ್ಬ ಮುಂದಾಳು ಬೆಳೆಯುತ್ತಿರಬೇಡವೆ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟುದು ಯಾವ ಗ್ರಂಥವೂ ಅಲ್ಲ, ನನ್ನದೇ ಒಂದು ಸೋಲು.

ಕಳೆದ ವರ್ಷ ನಾನು ವಿದ್ಯಾರ್ಥಿ ಸಂಘವೊಂದರ ಕಾರ್ಯದರ್ಶಿಯಾಗಿದ್ದೆ. ಆಮಂತ್ರಣ ಬರೆಯುವುದರಿಂದ ಹಿಡಿದು ಕುರ್ಚಿ ಹಾಕಿಸುವವರೆಗೆ ಎಲ್ಲವನ್ನೂ ನಾನೇ ಮಾಡಿದೆ. ಹಲವರು ಹೊಗಳಿದರು, ನಾನೂ ಹಿಗ್ಗಿದೆ. ವರ್ಷದ ಕೊನೆಯ ಸಭೆಯ ಮುನ್ನಾದಿನ ಜ್ವರ ಬಂದು ಮಲಗಿದೆ. ಸಭೆ ನಡೆಯಲೇ ಇಲ್ಲ. ಅತಿಥಿಗಳಿಗೆ ಯಾವ ಹೊತ್ತು ಹೇಳಿದೆ, ಹಣ ಎಲ್ಲಿದೆ ಎಂಬುದೇ ಗೆಳೆಯರಿಗೆ ತಿಳಿದಿರಲಿಲ್ಲ. ತಪ್ಪು ಅವರದಲ್ಲ, ನನ್ನದು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಸಮಿತಿ, ಕಾರ್ಯದರ್ಶಿ ಎಂಬ ಮಾತುಗಳು ಅಜ್ಜನಿಗೆ ಹೊಸವು. ಆದರೆ ಕುಂಭಾಶಿಯ ಸುತ್ತಲಿನ ಗದ್ದೆಗಳಲ್ಲಿ ಅವರು ನೋಡದ ಆಟವಿಲ್ಲ. ನನ್ನ ಕಥೆಯನ್ನೆಲ್ಲ ಕೇಳಿ, "ಸಂಗೀತಗಾರ ಇಲ್ದಿದ್ ಮೇಳ ಕಟ್ಟಿದ್ಯಲಾ ಮಗಾ" ಎಂದರು. ಆ ಒಂದು ಮಾತನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಬಡಗುತಿಟ್ಟಿನ ಯಕ್ಷಗಾನ ಮೇಳಕ್ಕೆ ಭಾಗವತನೇ ನಾಯಕ. ಅವನು ಬರಿಯ ಹಾಡುಗಾರನಲ್ಲ. ಯಾವ ಪದ್ಯವನ್ನು ಎತ್ತಬೇಕು, ಯಾವುದನ್ನು ಬಿಡಬೇಕು, ಕಥೆಯನ್ನು ಎಷ್ಟು ಹೊತ್ತಿಗೆ ಎಲ್ಲಿಗೆ ಮುಟ್ಟಿಸಬೇಕು ಎಂಬುದನ್ನು ನಿರ್ಧರಿಸುವವನೂ ಅವನೇ. ಭಾಗವತನೇ ಮೊದಲನೆಯ ವೇಷವೆಂಬ ಭಾವನೆ ಸಂಪ್ರದಾಯದಲ್ಲಿದೆ. ಆದುದರಿಂದಲೇ ರಂಗದ ಮೇಲಿನ ಪ್ರಧಾನ ನಟನು 'ಎರಡನೆಯ ವೇಷ'ಧಾರಿ ಎನಿಸಿಕೊಳ್ಳುತ್ತಾನೆ.

ಇಂತಹ ಭಾಗವತನು ಇಡೀ ರಾತ್ರಿ ತಾನೊಬ್ಬನೇ ಹಾಡುವುದಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಪೂರ್ವರಂಗವನ್ನೂ ಪ್ರಸಂಗದ ಮೊದಲ ಭಾಗವನ್ನೂ ಹಾಡುವವನು ಕಿರಿಯ ಭಾಗವತ. ಅವನಿಗೇ ಸಂಗೀತಗಾರನೆಂದು ಹೆಸರು. ಪ್ರಧಾನ ಭಾಗವತನು ರಂಗಕ್ಕೆ ಬರುವುದು ರಾತ್ರಿ ಏರಿದ ಮೇಲೆ. ಅಲ್ಲಿಯವರೆಗೆ ತಾಳ ಕಿರಿಯನ ಕೈಯಲ್ಲಿ. ನಿಜವಾದ ಸಭೆ, ನಿಜವಾದ ವೇಷಧಾರಿಗಳು, ನಿಜವಾದ ಹೊಣೆ. ತಪ್ಪಿದರೆ ಆಧರಿಸಿ ನಡೆಸಲು ಪಳಗಿದ ಮದ್ದಲೆಗಾರನು ಪಕ್ಕದಲ್ಲಿರುತ್ತಾನೆ. ಕರೆದರೆ ಕೇಳುವಷ್ಟು ದೂರದಲ್ಲಿ ಹಿರಿಯನಿರುತ್ತಾನೆ.

ವೇಷಧಾರಿಗಳಿಗೂ ಇಂತಹುದೇ ಏಣಿಯುಂಟು. ಎಳೆಯ ಹುಡುಗನು ಕೋಡಂಗಿಯಾಗಿ ಕುಣಿದು ಸಭಾಕಂಪವನ್ನು ಕಳೆದುಕೊಳ್ಳುತ್ತಾನೆ. ಬಳಿಕ ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ, ಹಾಗೆಯೇ ಒಂದೊಂದಾಗಿ ಮೇಲಣ ಮೆಟ್ಟಿಲುಗಳು. ಮೇಳಕ್ಕೆ ಸೇರುವ ಮೊದಲೇ ಈ ಪಾಠ ಶುರುವಾಗುವುದೂ ಉಂಟು. ನವರಾತ್ರಿಯಲ್ಲಿ ಮನೆಮನೆಗೆ ಹೋಗುವ ಹೂವಿನಕೋಲಿನ ಮಕ್ಕಳನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು. ಗುರುವಿನ ಪದ್ಯಕ್ಕೆ ಹತ್ತು ವರ್ಷದ ಬಾಲಕರು ಅರ್ಥ ಹೇಳುವುದು ಅಲ್ಲಿಯೇ.

ತಿದ್ದುವ ರೀತಿಯೂ ಕಲಿಯುವಂತಹುದು. ವೇಷಧಾರಿಯ ಮಾತು ಆಶುವಾದುದು. ಒಮ್ಮೊಮ್ಮೆ ಅದು ದಾರಿ ತಪ್ಪಿ ಬೆಳೆಯುತ್ತದೆ. ಆಗ ಭಾಗವತನು ಸಭೆಯ ಎದುರಿನಲ್ಲಿ ಗದರಿಸುವುದಿಲ್ಲ. ತಾಳದಿಂದ ಸೂಚಿಸುತ್ತಾನೆ, ತಾನೇ ಪಾತ್ರವೊಂದರಂತೆ ಪ್ರಶ್ನೆ ಕೇಳಿ ಮಾತನ್ನು ತಿರುಗಿಸುತ್ತಾನೆ, ಇಲ್ಲವೇ ಮುಂದಿನ ಪದ್ಯವನ್ನು ಎತ್ತುತ್ತಾನೆ. ಕಥೆಯೂ ಉಳಿಯಿತು, ವೇಷಧಾರಿಯ ಮಾನವೂ ಉಳಿಯಿತು.

ಈ ಮಾತಿಗೆ ದೂರದ ನಿದರ್ಶನ ಬೇಕಿಲ್ಲ. ಕೋಟದ ಅಮೃತೇಶ್ವರೀ ಮೇಳದ ಭಾಗವತರಾಗಿ ಹೆಸರಾದ ನಾರಣಪ್ಪ ಉಪ್ಪೂರರು (1918-1984) ಹಂಗಾರಕಟ್ಟೆಯ ಕೇಂದ್ರದಲ್ಲಿ ಗುರುಗಳಾಗಿದ್ದರು. ಗುಂಡ್ಮಿಯ ಕಾಳಿಂಗ ನಾವಡರು ಅವರ ಶಿಷ್ಯರು. ಸುಬ್ರಹ್ಮಣ್ಯ ಧಾರೇಶ್ವರರೂ ಅವರ ಶಿಷ್ಯರೇ. ನಾವಡರು ಗುರುವಿನ ಪಡಿಯಚ್ಚಾಗಲಿಲ್ಲ. ತಮ್ಮದೇ ಶೈಲಿಯಿಂದ ಸಾಲಿಗ್ರಾಮ ಮೇಳದಲ್ಲಿ ಜನರನ್ನು ಸೆರೆಹಿಡಿದರು. 1990ರಲ್ಲಿ, ಇನ್ನೂ ಎಳೆಯ ಪ್ರಾಯದಲ್ಲೇ, ಅಪಘಾತದಲ್ಲಿ ತೀರಿಕೊಂಡರು. ಆ ದುಃಖವನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಆದರೆ ಉಪ್ಪೂರರ ಪರಂಪರೆ ಅಂದಿಗೆ ಮುಗಿಯಲಿಲ್ಲ. ಪೆರ್ಡೂರು ಮೇಳದಲ್ಲಿ ಧಾರೇಶ್ವರರ ಕಂಠದಲ್ಲಿ ಅದು ಬಹುಕಾಲ ಬಾಳಿತು. ಧಾರೇಶ್ವರರು ತೀರಿಕೊಂಡುದು 2024ರಲ್ಲಿ. ಗುರುವು ಒಬ್ಬನನ್ನೇ ನೆಚ್ಚಿ ಕೂತಿದ್ದರೆ ಏನಾಗುತ್ತಿತ್ತೆಂದು ವಾಚಕರೇ ಊಹಿಸಬಹುದು.

ಸಂಸ್ಥೆ ಬೆಳೆಯಬೇಕಾದರೂ ಇದೇ ದಾರಿ. ಮಂದಾರ್ತಿ ಕ್ಷೇತ್ರದಿಂದ ಇಂದು ಐದು ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಹರಕೆಯ ಆಟಗಳು ಅಷ್ಟೊಂದು. ಮೇಳ ಐದಾಗುವುದೆಂದರೆ ಪೆಟ್ಟಿಗೆ, ಕಿರೀಟಗಳು ಐದು ಪಾಲಾದರೆ ಸಾಲದು. ರಾತ್ರಿಯನ್ನು ದಡ ಮುಟ್ಟಿಸಬಲ್ಲ ಭಾಗವತರು ಐವರು ಬೇಕು, ಐವರು ಎರಡನೆಯ ವೇಷಧಾರಿಗಳು ಬೇಕು. ಹಣ ಕೊಟ್ಟು ಕಿರೀಟವನ್ನು ಮಾಡಿಸಬಹುದು. ಭಾಗವತನನ್ನು ಮಾತ್ರ ವರ್ಷಾನುಗಟ್ಟಲೆ ಹಾಡಿಸಿಯೇ ಬೆಳೆಸಬೇಕು.

ಈ ಏಣಿಗೆ ಈಗ ಒಂದು ಆತಂಕವೂ ಒದಗಿದೆ. ಬೆಳಗಿನವರೆಗೆ ನಡೆಯುತ್ತಿದ್ದ ಆಟವು ಹಲವು ಕಡೆ ಕಾಲಮಿತಿಗೆ ಒಳಪಟ್ಟು ಮಧ್ಯರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ರಾತ್ರಿ ಧ್ವನಿವರ್ಧಕಕ್ಕಿರುವ ನಿರ್ಬಂಧವೂ ಮರುದಿನದ ಕೆಲಸದ ಅವಸರವೂ ಇದಕ್ಕೆ ಕಾರಣಗಳು. ಇದನ್ನು ತಪ್ಪೆನ್ನಲಾರೆ. ಆದರೆ ಹೊತ್ತು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ, ಅಂದರೆ ಕಿರಿಯರ ಪಾಲಿಗೆ. ಇಂದಿನ ಪ್ರೇಕ್ಷಕನಿಗೆ ಇದರಿಂದ ನಷ್ಟ ತೋರದು. ನಷ್ಟ ತೋರುವುದು ಇಪ್ಪತ್ತು ವರ್ಷಗಳ ಬಳಿಕ. ಹಿಂದೆ ದೀರ್ಘ ರಾತ್ರಿಯು ತಾನಾಗಿ ಒದಗಿಸುತ್ತಿದ್ದ ಅವಕಾಶವನ್ನು ಇನ್ನು ಮೇಲೆ ಹಿರಿಯರು ಬೇಕೆಂದೇ ತೆಗೆದಿಡಬೇಕು.

ನಮ್ಮ ವಿದ್ಯಾರ್ಥಿ ಸಂಘಗಳ ರಾತ್ರಿಯಂತೂ ಇನ್ನೂ ಚಿಕ್ಕದು. ಮೂರು ವರ್ಷಗಳಲ್ಲಿ ಬಂದವರು ಹೊರಟುಹೋಗುತ್ತೇವೆ. ಈ ವರ್ಷ ನಾನು ಒಂದು ಪ್ರಯೋಗ ಮಾಡಿದೆ. ಎರಡನೆಯ ವರ್ಷದ ಇಬ್ಬರಿಗೆ ಒಂದು ಸಭೆಯನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿ, ಹಿಂದಿನ ಬೆಂಚಿನಲ್ಲಿ ಕುಳಿತೆ. ಸಭೆ ಅರ್ಧ ಗಂಟೆ ತಡವಾಯಿತು. ಸ್ವಾಗತ ಭಾಷಣದಲ್ಲಿ ಅತಿಥಿಯೊಬ್ಬರ ಹೆಸರು ಬಿಟ್ಟುಹೋಯಿತು. ಎದ್ದು ಹೋಗಿ ಸರಿಪಡಿಸಬೇಕೆಂದು ನನಗೆ ಎರಡು ಬಾರಿ ಅನಿಸಿತು. ಕಷ್ಟಪಟ್ಟು ಕುಳಿತೇ ಇದ್ದೆ. ಕೊನೆಗೆ ಅವರೇ ವಂದನಾರ್ಪಣೆಯಲ್ಲಿ ಆ ಹೆಸರನ್ನು ಗೌರವದಿಂದ ಸೇರಿಸಿ ತಿದ್ದಿಕೊಂಡರು. ಎರಡನೆಯ ಸಭೆಯನ್ನು ಅವರು ಸರಿಯಾದ ಹೊತ್ತಿಗೆ ಆರಂಭಿಸಿದರು.

ಬರುವ ವರ್ಷ ನಾನು ಇಲ್ಲಿರುವುದಿಲ್ಲ. ಲೆಕ್ಕದ ಪುಸ್ತಕವೂ ಅತಿಥಿಗಳ ವಿಳಾಸಗಳೂ ಈಗಾಗಲೇ ಅವರ ಕೈಯಲ್ಲಿವೆ. ಅವರೂ ಮೊದಲನೆಯ ವರ್ಷದವರಿಗೆ ಒಂದು ಸಭೆಯನ್ನು ಬಿಟ್ಟುಕೊಡಲಿ, ಹಿಂದಿನ ಬೆಂಚಿನಲ್ಲಿ ಕೂರುವುದನ್ನೂ ಕಲಿಯಲಿ ಎಂಬುದು ನನ್ನ ಪ್ರಾರ್ಥನೆ.